ಕಥೆ ಹೇಳಬೇಡಿ ಸರಿ, ಕಂಡದ್ದನ್ನಾದರೂ ಹೇಳಿ

ಪ್ರಿಯ ಗೆಳೆಯರೇ,

ಗದಗಿನಿಂದ ನೀವು ಕಳಿಸಿದ ಲೇಖನ ಪೂರ್ತಿ ಓದಿದೆ. ಕೆಲವು ಪುಟ ಎರಡೆರಡು ಸಲ ಓದಿದೆ. ಚಾಟಿ ಹಿಡಿದು ಸಾಹಸಕ್ಕೆ ಹೊರಡೋ ಪ್ರೊಫೆಸರನ ಇಂಡಿಯಾನಾ ಜೋನ್ಸ್ ಚಿತ್ರದ ಮುಂದಿನ ಭಾಗಗಳು, ಕಡಲ್ಗಳ್ಳರ ಕಥೆಯ ಪೈರೇಟ್ಸ್ ಆಫ್ ದ ಕೆರಿಬಿಯನ್ ಸರಣಿ, ಕೊನೆಗೆ ನಮ್ಮ ಕೆಜಿಎಫ್ ಎರಡನೇ ಭಾಗ, ಇಷ್ಟರ ಬಗ್ಗೆ ಒಬ್ಬ ಅಭಿಮಾನಿಗೆ ಅನಿಸಿದ್ದನ್ನು ಕಥೆಯ ಗುಟ್ಟು ಬಿಟ್ಟುಕೊಡದೆ ಬರೆಯಬೇಕು ಅನ್ನೋದು ನಿಮ್ಮ ಆಸೆ. ಆಸೆ ಒಳ್ಳೆಯದೇ. ಆದರೆ ಈಗ ಇರುವಂತೆ ಲೇಖನವನ್ನು ನಾನು ಹಾಕೋದಿಲ್ಲ. ಹಾಗಂತ ಒಂದು ಸಾಲು ಗೀಚಿ ವಾಪಸ್ ಕಳಿಸೋಕೂ ಮನಸ್ಸು ಬರಲಿಲ್ಲ, ಯಾಕಂದ್ರೆ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯಿಂದ ಸಿನಿಮಾ ಬಗ್ಗೆ ಬರೆದು ಕಳಿಸೋ ಹುಡುಗರು ಭಾಳ ಮಂದಿ ಇದ್ದಾರೆ, ಹೆಚ್ಚುಕಡಿಮೆ ಎಲ್ಲರೂ ಎಡವೋದು ಇದೇ ಜಾಗದಲ್ಲಿ. ಅದಕ್ಕೇ ಈ ಉತ್ತರವನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ನಿಮ್ಮ ಹೆಸರು ಹಾಕಿಲ್ಲ.

ನೀವು ಕಥೆಯನ್ನು ಮುಚ್ಚಿಟ್ಟಿದ್ದೀರಿ. ಅದರ ಜೊತೆಗೆ ಚಿತ್ರವನ್ನೂ ಮುಚ್ಚಿಟ್ಟುಬಿಟ್ಟಿದ್ದೀರಿ. ಉಳಿದದ್ದು ಏನು? ‘ಊಹಿಸಲಾಗದ ತಿರುವು’, ‘ಮೈ ಜುಮ್ಮೆನ್ನುವ ದೃಶ್ಯಗಳು’, ‘ದೃಶ್ಯವೈಭವ’, ‘ಥಿಯೇಟರಿನಲ್ಲೇ ನೋಡಬೇಕು’. ಒಂದು ಪ್ಯಾರಾದಲ್ಲಿ ಚಿತ್ರದ ಹೆಸರು, ನಟರ ಹೆಸರು ಹೊಡೆದುಹಾಕಿ ನಮ್ಮ ಆಫೀಸಿನವರೊಬ್ಬರಿಗೆ ಓದೋಕೆ ಕೊಟ್ಟೆ. ಅವರು ಈ ಎಲ್ಲ ಚಿತ್ರಗಳನ್ನೂ ನೋಡಿದವರು. ಆದರೂ ಇದು ಹಡಗಿನ ಚಿತ್ರವೋ, ಚಾಟಿ ಹಿಡಿದ ಪ್ರೊಫೆಸರನ ಚಿತ್ರವೋ ಗೊತ್ತಾಗಲಿಲ್ಲ ಅಂದರು. ಇಷ್ಟು ಪ್ರೀತಿಯಿಂದ ನೋಡಿದ ಚಿತ್ರದ ಗುರುತೇ ಬರಹದಲ್ಲಿ ಉಳಿಯಲಿಲ್ಲ ಅಂದ್ರೆ ನಿಮಗೂ ಬೇಜಾರಾಗಬೇಕು ಅಲ್ವಾ?

ಇನ್ನೊಂದು ಕಡೆ ಇದರ ಉಲ್ಟಾ ಆಗಿದೆ. ಒಂದು ಚಿತ್ರದ ಬಗ್ಗೆ ಬರೆಯುತ್ತಾ ‘ಇಂಟರ್‌ವಲ್ ಆದಮೇಲೆ ನಾವು ನಂಬಿದ್ದ ಒಬ್ಬರು ಬೇರೆಯೇ ಆಗಿಬಿಡ್ತಾರೆ, ಯಾರು ಅಂತ ಮಾತ್ರ ಹೇಳಲ್ಲ’ ಅಂದಿದ್ದೀರಿ. ಯಾವ ಚಿತ್ರ ಅಂತ ನಾನೂ ಇಲ್ಲಿ ಹೇಳೋದಿಲ್ಲ. ಇದು ಓದುಗರ ಮೂಗಿಗೆ ತುಪ್ಪ ಸವರೋ ಕೆಲಸ. ಹೆಸರು ಹೇಳದಿದ್ದರೂ ಗುಟ್ಟು ಹೊರಗೆ ಬಿದ್ದಾಯ್ತು. ನಿಮ್ಮ ಲೇಖನ ಓದಿ ಹೋದವರು ಮೊದಲ ಅರ್ಧ ಗಂಟೆ ಚಿತ್ರ ನೋಡೋದಿಲ್ಲ, ಇವನಾ ಅವನಾ ಅಂತ ಒಬ್ಬೊಬ್ಬರ ಮುಖ ನೋಡ್ತಾ ಕೂರ್ತಾರೆ. ‘ಒಂದು ತಿರುವು ಇದೆ’ ಅನ್ನೋದೇ ದೊಡ್ಡ ಸ್ಪಾಯ್ಲರ್. ಆ ಸಾಲು ತೆಗೀರಿ. ಅದರ ಜಾಗದಲ್ಲಿ ಬೇರೆ ಸುಳಿವೂ ಬೇಡ.

ನೀವು ಗದಗಿನವರು, ಅದಕ್ಕೆ ಒಂದು ಮಾತು. ನಿಮ್ಮೂರಿನ ವೀರನಾರಾಯಣ ಗುಡಿಯಲ್ಲಿ ಕೂತು ಕುಮಾರವ್ಯಾಸ ಭಾರತ ಬರೆದ ಅಂತ ನಾವೆಲ್ಲ ಕೇಳಿ ಬೆಳೆದವರು. ಆ ಕಥೆಯ ಯಾವ ಗುಟ್ಟು ಯಾರಿಗೆ ಗೊತ್ತಿಲ್ಲ? ದುರ್ಯೋಧನನ ತೊಡೆ ಮುರಿಯುತ್ತೆ ಅಂತ ಸಣ್ಣ ಹುಡುಗರಿಗೂ ಗೊತ್ತು. ಆದರೂ ಗಮಕಿಗಳು ಗದಾಯುದ್ಧ ಹಾಡ್ತಾರೆ ಅಂದ್ರೆ ಜನ ಬಂದು ಕೂತು ಕೇಳ್ತಾರೆ. ಏನಾಗುತ್ತೆ ಅನ್ನೋದಕ್ಕಿಂತ ಹೇಗಾಗುತ್ತೆ ಅನ್ನೋದರಲ್ಲಿ ಸ್ವಾರಸ್ಯ ಜಾಸ್ತಿ ಇದೆ. ಹಾಗಾದರೆ ಸ್ಪಾಯ್ಲರ್ ಬಿಟ್ಟರೂ ನಡೆಯುತ್ತಾ ಅಂತ ಕೇಳಬೇಡಿ. ನಡೆಯೋದಿಲ್ಲ. ಒಂದು ಕಥೆಯನ್ನು ಏನೂ ಗೊತ್ತಿಲ್ಲದೆ ನೋಡೋ ಅವಕಾಶ ಜೀವನದಲ್ಲಿ ಒಂದೇ ಸಲ ಸಿಗೋದು, ಅದನ್ನು ಬೇರೆಯವರಿಂದ ಕಿತ್ತುಕೊಳ್ಳೋ ಹಕ್ಕು ನಮಗಿಲ್ಲ. 2015ರಲ್ಲಿ ಬಾಹುಬಲಿಯ ಮೊದಲ ಭಾಗ ಒಂದು ಪ್ರಶ್ನೆಯ ಮೇಲೆ ಮುಗೀತು. ಉತ್ತರ ಬಂದದ್ದು 2017ರಲ್ಲಿ. ಎರಡು ವರ್ಷ ಇಡೀ ದೇಶ ಆ ಪ್ರಶ್ನೆ ಇಟ್ಟುಕೊಂಡು ಮಾತಾಡಿತು. ಎರಡನೇ ಭಾಗ ಮೊದಲ ದಿನ ನೋಡಿ ಬಂದವರು ಬಾಯಿ ಬಿಟ್ಟಿದ್ದರೆ ಉಳಿದವರಿಗೆ ಎಷ್ಟು ನಷ್ಟ ಆಗ್ತಿತ್ತು ನೋಡಿ. ಏನಾಗುತ್ತೆ ಅನ್ನೋದು ನಿಮ್ಮಲ್ಲೇ ಇರಲಿ. ಹೇಗೆ ಅನ್ನೋದನ್ನು ಮಾತ್ರ ಕೈ ಬಿಚ್ಚಿ ಬರೀರಿ. ಅದಕ್ಕೆ ಯಾರ ತಕರಾರೂ ಇಲ್ಲ.

ಹೇಗೆ ಬರೆಯೋದು ಅಂದ್ರೆ, ನೋಡಿ. ಇಂಡಿಯಾನಾ ಜೋನ್ಸ್‌ನ ಎರಡನೇ ಚಿತ್ರದಲ್ಲಿ ಒಂದು ತೂಗುಸೇತುವೆ ಬರುತ್ತೆ. ಅದು ಸ್ಟುಡಿಯೋದಲ್ಲಿ ಹಾಕಿದ ಸೆಟ್ ಅಲ್ಲ. ಕಥೆ ನಡೆಯೋದು ಭಾರತದಲ್ಲಾದರೂ ಚಿತ್ರೀಕರಣ ಮಾಡಿದ್ದು ಶ್ರೀಲಂಕಾದಲ್ಲಿ. ಅಲ್ಲಿ ಕ್ಯಾಂಡಿ ಹತ್ತಿರ ಒಂದು ಕಣಿವೆಗೆ ಅಡ್ಡಲಾಗಿ ಖರೇನೇ ಸೇತುವೆ ಕಟ್ಟಿದ್ದರು, ಹತ್ತಿರದಲ್ಲಿ ಅಣೆಕಟ್ಟು ಕಟ್ಟುತ್ತಿದ್ದ ಎಂಜಿನಿಯರುಗಳ ಸಹಾಯ ತಗೊಂಡು. ಇದನ್ನು ಓದಿದವರಿಗೆ ಆ ಸೇತುವೆ ಮೇಲೆ ಯಾರು ಬರ್ತಾರೆ, ಏನಾಗುತ್ತೆ ಅಂತ ಒಂದಿಷ್ಟೂ ಗೊತ್ತಾಗಲಿಲ್ಲ. ಆದರೆ ಆ ದೃಶ್ಯ ಬಂದಾಗ ಅವರು ಹಗ್ಗವನ್ನು, ಹಲಗೆಯನ್ನು, ಕೆಳಗಿನ ಆಳವನ್ನು ಬೇರೆ ಕಣ್ಣಿನಿಂದ ನೋಡ್ತಾರೆ. ಅಭಿಮಾನಿಯ ಬರಹದಿಂದ ನನಗೆ ಬೇಕಿರೋದು ಇದು. ನೀವು ಆ ಜಾಗದಲ್ಲಿ ಬರೆದದ್ದು ‘ಕ್ಲೈಮ್ಯಾಕ್ಸ್ ಸೂಪರ್’ ಅಂತ ಎರಡೇ ಪದ. ಅದೇ ಚಿತ್ರದ ಖಳನಾಗಿ ನಮ್ಮ ಅಮರೀಶ್ ಪುರಿ ಇದ್ದಾರೆ. ಅವರ ದನಿ ಬಗ್ಗೆ ಒಂದು ಸಾಲೂ ಇಲ್ಲ! ಪೋಸ್ಟರಿನಲ್ಲಿ, ಟ್ರೈಲರಿನಲ್ಲಿ ಇರೋದು ಗುಟ್ಟಲ್ಲ, ಧೈರ್ಯವಾಗಿ ಹೇಳಬಹುದು.

ಅಂದಹಾಗೆ, ಆ ಚಿತ್ರವನ್ನು ‘ಮೊದಲ ಭಾಗದ ಘಟನೆಗಳ ನಂತರ’ ಅಂತ ಬರೆದಿದ್ದೀರಿ, ಅದು ತಪ್ಪು. ಚಿತ್ರ ಬಂದದ್ದು 1984ರಲ್ಲಿ, ಮೊದಲನೆಯದು ಬಂದದ್ದು 1981ರಲ್ಲಿ, ಅದು ನಿಜ. ಆದರೆ ಮೊದಲ ಚಿತ್ರದ ಕಥೆ ನಡೆಯೋದು 1936ರಲ್ಲಿ, ಎರಡನೆಯದರ ಕಥೆ 1935ರಲ್ಲಿ. ಅಂದ್ರೆ ಹಿಂದಿನ ಕಥೆ. ಕಾಂತಾರ ಚಾಪ್ಟರ್ 1 ನೋಡಿದ ಓದುಗರಿಗೆ ಈ ಲೆಕ್ಕ ಹೊಸದೇನಲ್ಲ, ಅಲ್ಲೂ ಆಮೇಲೆ ಬಂದ ಚಿತ್ರದಲ್ಲಿ ಮೊದಲಿನ ಕಥೆ ಇದೆ. ಇಸವಿ ತಪ್ಪಿದರೆ ಅಭಿಮಾನಿಗಳು ಬೇರೆ ಯಾವ ಮಾತನ್ನೂ ನಂಬೋದಿಲ್ಲ.

ಮುಂದಿನ ಭಾಗಗಳ ಬಗ್ಗೆ ಬರೆಯುವಾಗ ಓದುಗರಿಗೆ ಮೊದಲು ಬೇಕಾಗೋ ಮಾಹಿತಿ ಒಂದಿದೆ, ಅದನ್ನು ನೀವು ಎಲ್ಲೂ ಕೊಟ್ಟಿಲ್ಲ. ಹಿಂದಿನ ಭಾಗ ನೋಡದೆ ಹೋದರೆ ಅರ್ಥ ಆಗುತ್ತಾ? ಇಂಡಿಯಾನಾ ಜೋನ್ಸ್‌ನ ಎರಡನೆಯದನ್ನೋ ಮೂರನೆಯದನ್ನೋ ಸೀದಾ ನೋಡಬಹುದು, ತೊಂದರೆ ಇಲ್ಲ. ಪೈರೇಟ್ಸ್ ಹಾಗಲ್ಲ. ಅದರ ಎರಡನೇ, ಮೂರನೇ ಭಾಗಗಳನ್ನು ಒಂದರ ಬೆನ್ನಿಗೆ ಒಂದು ತಯಾರಿಸಿ 2006, 2007ರಲ್ಲಿ ಬಿಡುಗಡೆ ಮಾಡಿದರು. ಎರಡನೆಯದು ಪೂರ್ತಿ ಮುಗಿಯೋದೇ ಇಲ್ಲ. ಇದನ್ನು ಹೇಳಿದರೆ ಗುಟ್ಟು ಬಿಟ್ಟಂತಾಗೋದಿಲ್ಲ, ಓದುಗರು ಮೂರನೆಯದನ್ನೂ ರೆಡಿ ಇಟ್ಟುಕೊಂಡು ಕೂರ್ತಾರೆ. ಚಿತ್ರದ ಉದ್ದವೂ ಹೇಳಿ. ಮೂರನೆಯದು 2 ಗಂಟೆ 48 ನಿಮಿಷ ಇದೆ. ಅದರಲ್ಲಿ ಎಲ್ಲಿ ಜಗ್ಗುತ್ತೆ, ಎಲ್ಲಿ ಮತ್ತೆ ಓಟ ಹಿಡಿಯುತ್ತೆ ಅಂತ ನಿಮ್ಮ ಅನುಭವ ಬರೀರಿ. ಹೊಸ ಚಿತ್ರವಾದರೆ ಇದು ಇನ್ನೂ ಮುಖ್ಯ. ಗದಗಿನಿಂದಲೋ ಹಾವೇರಿಯಿಂದಲೋ ಹುಬ್ಬಳ್ಳಿಗೆ ಬಂದು ಸೆಕೆಂಡ್ ಶೋ ನೋಡುವವರಿಗೆ ಶೋ ಎಷ್ಟು ಹೊತ್ತಿಗೆ ಬಿಡುತ್ತೆ, ವಾಪಸ್ ಬಸ್ ಸಿಗುತ್ತಾ ಅನ್ನೋದು ಸಣ್ಣ ವಿಷಯವಲ್ಲ.

ಕೆಜಿಎಫ್ ಭಾಗವನ್ನು ತೆಗೆದುಬಿಡಿ. ಅದು ಬೇರೆಯೇ ಲೇಖನ. 2018ರ ಡಿಸೆಂಬರಿನಿಂದ 2022ರ ಏಪ್ರಿಲ್ ತನಕ ನಮ್ಮ ಜನ ಕಾದರಲ್ಲ, ನಡುವೆ ಕೊರೊನಾ ಬೇರೆ, ಆ ಕಾಯುವಿಕೆಯ ಬಗ್ಗೆಯೇ ನೀವು ಮುಂದೆ ಬರೆಯಬಹುದು. ಇಲ್ಲಿ ಕೊನೆಗೆ ತಂದು ಅಂಟಿಸಿದ ಹಾಗೆ ಕಾಣುತ್ತೆ. ಕಲೆಕ್ಷನ್ ಲೆಕ್ಕವೂ ಬೇಡ. ಎಷ್ಟು ಕೋಟಿ ಬಂತು ಅನ್ನೋದರಿಂದ ನಿಮಗೆ ಚಿತ್ರ ಹೇಗನಿಸಿತು ಅಂತ ತಿಳಿಯೋದಿಲ್ಲ.

ಈಗ ನನಗೆ ನಿಜಕ್ಕೂ ಇಷ್ಟವಾದ ಜಾಗಕ್ಕೆ ಬರ್ತೀನಿ. 2023ರ ಕೊನೆಯ ಇಂಡಿಯಾನಾ ಜೋನ್ಸ್ ಚಿತ್ರಕ್ಕೆ ನೀವು ನಿಮ್ಮ ಅಪ್ಪನನ್ನು ಕರಕೊಂಡು ಹೋಗಿದ್ದಿರಿ. ಅಪ್ಪ ಕಾಲೇಜಿನ ದಿನಗಳಲ್ಲಿ ಹಳೇ ಭಾಗವೊಂದನ್ನು ಹುಬ್ಬಳ್ಳಿಯಲ್ಲೇ ನೋಡಿದ್ದವರು. ಆ ಹಳೇ ಟ್ಯೂನ್ ಶುರುವಾದ ಕೂಡಲೇ ಅವರು ಪಾಪ್‌ಕಾರ್ನ್ ಕೈಯಲ್ಲೇ ಹಿಡಿದು ಮುಂದಕ್ಕೆ ಬಾಗಿ ಕೂತರು. ಸ್ವಲ್ಪ ಹೊತ್ತಾದಮೇಲೆ ನಿಮ್ಮ ಕಡೆ ತಿರುಗಿ ‘ಇಂವಗ ಎಷ್ಟ ವಯಸ್ಸಾತಲೇ?’ ಅಂದರು. ಇಷ್ಟನ್ನು ನೀವು ಕೊನೇ ಪುಟದಲ್ಲಿ, ಬ್ರಾಕೆಟ್ಟಿನೊಳಗೆ, ಕ್ಷಮೆ ಕೇಳುವವರ ಥರ ಬರೆದಿದ್ದೀರಿ. ಯಾಕೆ? ಇಡೀ ಲೇಖನದಲ್ಲಿ ಆ ಚಿತ್ರ ನನ್ನ ಕಣ್ಣಿಗೆ ಬಿದ್ದದ್ದು ಅಲ್ಲಿ ಮಾತ್ರ. ಮೊದಲ ಚಿತ್ರ ಬಂದಾಗ ಇಂಡಿಯಾನಾ ಜೋನ್ಸ್ ಪಾತ್ರ ಮಾಡಿದ ಹ್ಯಾರಿಸನ್ ಫೋರ್ಡ್‌ಗೆ 38 ವರ್ಷ. ಇದು ಬಂದಾಗ 80. ಶುರುವಿನಲ್ಲಿ ಕಂಪ್ಯೂಟರ್ ಸಹಾಯದಿಂದ ಅವರನ್ನು ಹರೆಯದಲ್ಲಿ ತೋರಿಸ್ತಾರೆ, ಟ್ರೈಲರಿನಲ್ಲೇ ಅದು ಇತ್ತು, ಮುಚ್ಚಿಡೋ ಅಗತ್ಯವಿಲ್ಲ. ಆ ಮುಖ ನಿಮಗೆ ಹಿಡಿಸಿತಾ? ಮುಖ ಹರೆಯದ್ದು, ದನಿ? ಪಕ್ಕದಲ್ಲಿ ಕೂತ ಅಪ್ಪನಿಗೆ ಆ ಮುಖ ತಾನು ಹಿಂದೆ ನೋಡಿದ ಮುಖ ಅಂತಲೇ ಅನಿಸಿತಾ? ಮನೆಗೆ ಹೋಗ್ತಾ ಬಸ್ಸಿನಲ್ಲಿ ಏನಂದರು? ಹೋಗಿ ಕೇಳಿ, ನೆನಪಿದ್ದಷ್ಟು ಹೇಳ್ತಾರೆ. ಜಾನ್ ವಿಲಿಯಮ್ಸ್ ಐದೂ ಚಿತ್ರಕ್ಕೆ ಸಂಗೀತ ಕೊಟ್ಟವರು, ನಿರ್ದೇಶಕ ಮಾತ್ರ ಐದನೆಯದಕ್ಕೆ ಬದಲಾದರು. ಸ್ಪೀಲ್‌ಬರ್ಗ್ ಜಾಗಕ್ಕೆ ಜೇಮ್ಸ್ ಮ್ಯಾಂಗೋಲ್ಡ್ ಬಂದರು. ಬದಲಾಗಿದ್ದು ನಿಮಗೆ ಗೊತ್ತಾಯ್ತಾ, ಗೊತ್ತಾಗಿದ್ದರೆ ಯಾವ ದೃಶ್ಯದಲ್ಲಿ? ಹೊಡೆದಾಟದಲ್ಲೋ, ಸುಮ್ಮನೆ ಕೂತು ಮಾತಾಡೋ ಕಡೆಯೋ? ಇವುಗಳಿಗೆ ಉತ್ತರ ಬರೆಯುವಾಗ ಒಂದು ಗುಟ್ಟೂ ಹೊರಗೆ ಬರೋದಿಲ್ಲ, ಬೇಕಾದರೆ ಬರೆದು ನೋಡಿ.

ಇನ್ನೊಂದು. ಈ ಕೊನೇ ಚಿತ್ರ ನಿಮಗೆ ಅಷ್ಟೊಂದು ಇಷ್ಟವಾಗಿಲ್ಲ ಅನ್ನೋ ಗುಮಾನಿ ನನಗಿದೆ. ‘ಆದರೂ’, ‘ಏನೇ ಆಗಲಿ’ ಅಂತ ಮೂರ್ನಾಲ್ಕು ಕಡೆ ಬಂದಿದೆ. ಇಷ್ಟವಾಗದಿದ್ದರೆ ನೇರವಾಗಿ ಹೇಳಿ. ಅಭಿಮಾನಿಗೆ ಬೇಜಾರಾಯ್ತು ಅಂದ್ರೆ ಅದಕ್ಕೆ ಬೆಲೆ ಜಾಸ್ತಿ, ಯಾಕಂದ್ರೆ ಅವನು ಮೆಚ್ಚೋಕೆ ಅಂತಲೇ ಟಿಕೆಟ್ ತಗೊಂಡವನು.

ಅಪ್ಪನ ಮಾತಿನಿಂದ ಶುರು ಮಾಡಿ ಹೊಸದಾಗಿ ಬರೀರಿ, ಹಳೇದನ್ನು ತಿದ್ದೋಕೆ ಹೋಗಬೇಡಿ. ಇಂಡಿಯಾನಾ ಜೋನ್ಸ್ ಒಂದೇ ಸರಣಿ ಸಾಕು, ಪೈರೇಟ್ಸ್ ಮುಂದಿನ ಸಲಕ್ಕೆ ಇರಲಿ. 800 ಪದ ದಾಟಬೇಡಿ. ನಟರ, ನಿರ್ದೇಶಕರ ಹೆಸರು ಒಂದೇ ಥರ ಬರೀರಿ, ಈಗ ಫೋರ್ಡ್ ಅವರ ಹೆಸರೇ ಎರಡು ಥರ ಇದೆ. ಆತುರ ಇಲ್ಲ, ಆದರೆ ಈ ತಿಂಗಳ ಕೊನೆಯೊಳಗೆ ಕಳಿಸಿದರೆ ಮುಂದಿನ ಸಂಚಿಕೆಯ ಸಿನಿಮಾ ಪುಟದಲ್ಲಿ ಜಾಗ ಇಟ್ಟಿರ್ತೀನಿ.

ವಿಶ್ವಾಸದಿಂದ,
ಸಂಪಾದಕ, ಹುಬ್ಬಳ್ಳಿ