ಹೋದ ಅಕ್ಕ, ಉಳಿದ ತಮ್ಮ: ಒಂದು ಆಪ್ತಸಲಹೆ ಪ್ರಕರಣ

ಶಿವಮೊಗ್ಗದಲ್ಲಿ ನನ್ನ ಬಳಿ ಬರುವವರಲ್ಲಿ ವಿದೇಶದಲ್ಲಿರುವ ಮಕ್ಕಳ ಚಿಂತೆ ಹೊತ್ತ ಅಪ್ಪ ಅಮ್ಮಂದಿರು ಬೇಕಾದಷ್ಟು. ಹೋಗದೆ ಊರಲ್ಲೇ ಉಳಿದ ಮಕ್ಕಳು ಬರುವುದು ಕಡಿಮೆ. ತಮಗೂ ಒಂದು ತೊಂದರೆ ಇದೆ ಅಂತ ಅವರಿಗೆ ಯಾರೂ ಹೇಳಿರುವುದಿಲ್ಲ. ಇದು ಅಂಥ ಒಬ್ಬರ ಪ್ರಕರಣ. ಅಕ್ಕ, ತಮ್ಮ ಇಬ್ಬರ ಒಪ್ಪಿಗೆ ಪಡೆದು, ಗುರುತು ಹತ್ತದ ಹಾಗೆ ವಿವರ ಬದಲಿಸಿ ಬರೆದಿದ್ದೇನೆ.

ತಮ್ಮನಿಗೆ 34 ವರ್ಷ. ತೀರ್ಥಹಳ್ಳಿ ಕಡೆ ಅಡಿಕೆ ತೋಟ. ಅಪ್ಪ ತೀರಿಕೊಂಡು ಕೆಲವು ವರ್ಷಗಳಾಗಿವೆ, ಮನೆಯಲ್ಲಿ ಅಮ್ಮ ಮತ್ತು ಇವರು. ಅಕ್ಕ ಮೆಲ್ಬರ್ನಿನಲ್ಲಿ, ಗಂಡ ಮಕ್ಕಳ ಜೊತೆ. ತಮ್ಮನನ್ನು ನನ್ನ ಬಳಿ ಕರೆದುಕೊಂಡು ಬಂದದ್ದು ಅಮ್ಮ. ರಾತ್ರಿ ನಿದ್ದೆಯಿಲ್ಲ, ಊಟಕ್ಕೆ ಕೂತರೂ ಕೈಯಲ್ಲಿ ಮೊಬೈಲು, ಮಾತೆತ್ತಿದರೆ ಸಿಡುಕು ಎಂಬುದು ಅವರ ದೂರು. ಕುಡಿತದ ಬಗ್ಗೆ ಕೇಳಿದೆ, ಬದುಕು ಸಾಕೆನ್ನಿಸುತ್ತದೆಯೇ ಎಂದೂ ನೇರವಾಗಿ ಕೇಳಿದೆ. ಎರಡೂ ಇರಲಿಲ್ಲ. ಅಕ್ಕನ ಜೊತೆ ಮಾತು ಬಿಟ್ಟಿದ್ದೇನೆ ಎಂಬುದನ್ನು ಅವರು ಕೊನೆಗೆ, ಎದ್ದು ಹೊರಡುವ ಹೊತ್ತಿಗೆ ಹೇಳಿದರು.

ಜಗಳ ಶುರುವಾದದ್ದು 2025ರ ಆಗಸ್ಟ್ 31ರಂದು. ಅವತ್ತು ಆಸ್ಟ್ರೇಲಿಯಾದ ಹಲವು ನಗರಗಳಲ್ಲಿ ವಲಸೆಯ ವಿರುದ್ಧ ಮೆರವಣಿಗೆ ನಡೆದವು. ಅದಕ್ಕೆ ಮೊದಲು ಹಂಚಿದ್ದ ಪ್ರಚಾರ ಪತ್ರದಲ್ಲಿ ಭಾರತೀಯರನ್ನೇ ಹೆಸರಿಸಿ ಬರೆದಿದ್ದರು. ಅಕ್ಕ ಮನೆಯವರ ವಾಟ್ಸ್ಆ್ಯಪ್ ಗುಂಪಿನಲ್ಲಿ, ಇವತ್ತು ಮಕ್ಕಳನ್ನು ಪೇಟೆಗೆ ಕರೆದುಕೊಂಡು ಹೋಗಲಿಲ್ಲ, ಹೆದರಿಕೆಯಾಯಿತು ಎಂದು ಬರೆದರು. ತಮ್ಮನ ಉತ್ತರ ಹೀಗಿತ್ತು: "ಅವರ ಊರು, ಅವರು ಹೇಳ್ತಾರೆ. ಅದ್ರಲ್ಲಿ ತಪ್ಪೆಂತ ಇದೆ? ನಾವೂ ಇಲ್ಲಿ ಅದನ್ನೇ ಅಲ್ವಾ ಹೇಳೂದು?"

ಇಲ್ಲಿ ಹೇಳುವುದು ಎಂದರೆ ತೋಟದ ಕೆಲಸಕ್ಕೆ ಬರುವ ಅಸ್ಸಾಂ, ಜಾರ್ಖಂಡ್ ಕಡೆಯವರ ಬಗ್ಗೆ. ಅವರಿಲ್ಲದೆ ಇವರ ತೋಟದ ಕೆಲಸ ನಡೆಯುವುದಿಲ್ಲ. ಆದರೂ ಅವರ ವಿರುದ್ಧ ಬರುವ ಸಂದೇಶಗಳನ್ನೆಲ್ಲ ದಾಟಿಸುವವರು ಇವರೇ.

ಆಮೇಲೆ ನಡೆದದ್ದು ಬಲು ಉದ್ದದ ವಾದ. ಇಬ್ಬರೂ ತಮ್ಮ ತಮ್ಮ ಮೊಬೈಲಿನಿಂದ ನನಗೆ ತೋರಿಸಿದರು. ಅಕ್ಕ ಇತಿಹಾಸ ಬರೆದಿದ್ದರು: ಬಿಳಿಯರಲ್ಲದವರನ್ನು ಹೊರಗಿಡಲು 1901ರಲ್ಲೇ ಅಲ್ಲಿ ಕಾನೂನು ಬಂತು, ಬೇಡವಾದವರಿಗೆ ಯಾವುದಾದರೂ ಒಂದು ಯುರೋಪಿಯನ್ ಭಾಷೆಯಲ್ಲಿ 50 ಪದಗಳ ಉಕ್ತಲೇಖನ ಕೊಟ್ಟು ಬೇಕೆಂದೇ ಫೇಲು ಮಾಡುತ್ತಿದ್ದರು, ಆ ನೀತಿ ಪೂರ್ತಿ ಹೋದದ್ದು 1973ರಲ್ಲಿ. ತಮ್ಮನೂ ಬರಿಗೈಯಲ್ಲಿರಲಿಲ್ಲ. ವರ್ಷಕ್ಕೆ 1,85,000 ಮಂದಿಗೆ ಕಾಯಂ ವೀಸಾ ಕೊಡುತ್ತಾರೆ, ಮನೆ ಬಾಡಿಗೆ ಏರಿದೆ, ಅಲ್ಲಿಯ ಹುಡುಗರಿಗೆ ಸ್ವಂತ ಮನೆ ಎಟಕುತ್ತಿಲ್ಲ, ಅವರಿಗೆ ಸಿಟ್ಟು ಬರಬಾರದೇ ಎಂದು ಕೇಳಿದ್ದರು. ಅಕ್ಕ "ನಿಂಗೆ ಪ್ರಪಂಚ ಗೊತ್ತಿಲ್ಲ" ಎಂದು ಬರೆದು ಗುಂಪು ಬಿಟ್ಟರು. ನಾನು ನೋಡಿದ ಮಟ್ಟಿಗೆ ಇಬ್ಬರ ಅಂಕಿ ಅಂಶವೂ ಸರಿಯಾಗಿಯೇ ಇತ್ತು, ಅದಕ್ಕೇ ವಾದ ಮುಗಿಯಲಿಲ್ಲ.

ವಲಸೆಯ ಬಗ್ಗೆ ಅವರ ಅಭಿಪ್ರಾಯ ತಿದ್ದುವುದು ನನ್ನ ಕೆಲಸವಲ್ಲ. ಒಂದು ದೇಶ ಎಷ್ಟು ಜನರನ್ನು ಬಿಟ್ಟುಕೊಳ್ಳಬೇಕು ಎಂದು ಅಲ್ಲಿಯವರು ಚರ್ಚಿಸಬಹುದು, ಚರ್ಚಿಸಲಿ. ಮೈಬಣ್ಣ ನೋಡಿ ಎದುರು ಸಿಕ್ಕವಳಿಗೆ ನಿನ್ನ ದೇಶಕ್ಕೆ ಹೋಗು ಎನ್ನುವುದು ಆ ಚರ್ಚೆಯೊಳಗೆ ಬರುವುದಿಲ್ಲ. ಇಷ್ಟನ್ನು ಮಾತ್ರ ನಾನು ಸ್ಪಷ್ಟವಾಗಿ ಹೇಳಿದೆ. ಆಮೇಲೆ ಕೇಳಿದೆ: "ಹೆದರಿಕೆಯಾಯ್ತು ಅಂತ ಅಕ್ಕ ಬರೆದಾಗ ನಿಮ್ಮೊಳಗೆ ಏನಾಯ್ತು?" ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ, "ಖುಷಿಯಾಯ್ತು ಮೇಡಂ," ಎಂದರು. "ಒಂದ್ಸಲ ಅವಳಿಗೂ ಗೊತ್ತಾಗ್ಲಿ ಅನ್ನಿಸ್ತು."

ಏನು ಗೊತ್ತಾಗಬೇಕಿತ್ತು ಎಂಬುದು ಮುಂದಿನ ಭೇಟಿಗಳಲ್ಲಿ ತುಣುಕು ತುಣುಕಾಗಿ ಹೊರಬಂತು. ಎಲೆಚುಕ್ಕಿ ರೋಗದಿಂದ ಫಸಲು ಬಿದ್ದಿದೆ. ಮಳೆಗಾಲದಲ್ಲಿ ಬೋರ್ಡೋ ದ್ರಾವಣ ಹೊಡೆಯಲು ಹೊತ್ತಿಗೆ ಸರಿಯಾಗಿ ಆಳು ಸಿಗುವುದಿಲ್ಲ. ಹೆಣ್ಣು ನೋಡಲು ಹೋದಲ್ಲೆಲ್ಲ ಹುಡುಗ ಬೆಂಗಳೂರಲ್ಲಿದ್ದಾನಾ ಎಂಬುದೇ ಮೊದಲ ಪ್ರಶ್ನೆ. ಮಲೆನಾಡಿನ ತೋಟದ ಹುಡುಗರಿಗೆ ಇದು ಹೊಸದಲ್ಲ. ಆದರೆ ಎಲ್ಲರಿಗೂ ಆಗುತ್ತದೆ ಅಂದ ಮಾತ್ರಕ್ಕೆ ಒಬ್ಬೊಬ್ಬರ ಅವಮಾನ ಕಡಿಮೆಯಾಗುವುದಿಲ್ಲ. ಅಕ್ಕ ಎರಡು ವರ್ಷಕ್ಕೊಮ್ಮೆ ಬಂದಾಗ ನೆಂಟರೆಲ್ಲ ಅವಳ ಸುತ್ತ ಕೂರುತ್ತಾರೆ, ಕಾಫಿ ಲೋಟ ಎತ್ತುವವನು ತಾನು, ಎಂದರು.

ಇದೆಲ್ಲದರ ಕೆಳಗೆ ಒಂದು ಕಾಗದದ ವಿಷಯವಿತ್ತು. ಅಪ್ಪ ಹೋದ ಮೇಲೆ ಪೌತಿ ಖಾತೆ ಆಗಿಲ್ಲ, ಅಂದರೆ ಜಮೀನು ವಾರಸುದಾರರ ಹೆಸರಿಗೆ ಬದಲಾಗಿಲ್ಲ. ಪಹಣಿ ಇನ್ನೂ ಅಪ್ಪನ ಹೆಸರಿನಲ್ಲೇ ಇದೆ, ಹಾಗಾಗಿ ಸೊಸೈಟಿಯ ಬೆಳೆ ಸಾಲ ಇವರ ಕೈಗೆ ಸಿಗುತ್ತಿಲ್ಲ. ವಂಶವೃಕ್ಷದಲ್ಲಿ ಅಕ್ಕನ ಹೆಸರೂ ಬರುತ್ತದೆ, ಅವಳ ಒಪ್ಪಿಗೆಯೂ ಬೇಕು. ಅವಳನ್ನು ಕೇಳುವುದಕ್ಕೆ ಇವರಿಗೆ ಮನಸ್ಸಿಲ್ಲ. ಅಷ್ಟರಲ್ಲಿ ಅಕ್ಕ ಆಸ್ಟ್ರೇಲಿಯಾದ ಪೌರತ್ವಕ್ಕೆ ಅರ್ಜಿ ಹಾಕಿದ್ದಾರೆ ಎಂಬ ಸುದ್ದಿ ಬಂತು. ವಿದೇಶದ ಪೌರತ್ವ ತಗೊಂಡರೆ ಜಮೀನಿನ ಪಾಲು ಸರ್ಕಾರಕ್ಕೆ ಹೋಗುತ್ತದೆ ಎಂದು ಊರಲ್ಲಿ ಯಾರೋ ಹೇಳಿದ್ದನ್ನು ಇವರು ನಂಬಿ, ಯಾರನ್ನೂ ಕೇಳದೆ ನಿದ್ದೆಗೆಟ್ಟಿದ್ದರು.

ನಾನು ವಕೀಲೆಯಲ್ಲ, ಹಾಗಾಗಿ ಮೊದಲು ವಕೀಲರ ಹತ್ತಿರ ಕಳಿಸಿದೆ. ಅಲ್ಲಿ ತಿಳಿದದ್ದು ಇಷ್ಟು: ನಮ್ಮ ಕಾನೂನಿನಲ್ಲಿ ಇಮ್ಮಡಿ ಪೌರತ್ವ ಇಲ್ಲ, ಅಲ್ಲಿಯದು ಬಂದ ಕೂಡಲೇ ಇಲ್ಲಿಯದು ಹೋಗುತ್ತದೆ. ಆಮೇಲೆ ಸಾಗರೋತ್ತರ ಭಾರತೀಯರೆಂದು ಒಸಿಐ ಕಾರ್ಡು ಪಡೆಯಬಹುದು. ಒಸಿಐ ಇರುವವರು ಹೊಸದಾಗಿ ಕೃಷಿ ಜಮೀನು, ತೋಟ ಕೊಳ್ಳುವ ಹಾಗಿಲ್ಲ. ಆದರೆ ಅಪ್ಪನಿಂದ ಉತ್ತರಾಧಿಕಾರವಾಗಿ ಬಂದ ಪಾಲು ಅವರಲ್ಲೇ ಉಳಿಯುತ್ತದೆ, ಸರ್ಕಾರಕ್ಕೆ ಹೋಗುವುದಿಲ್ಲ. ಅಕ್ಕ ಅಲ್ಲಿಯ ಭಾರತೀಯ ಕಾನ್ಸುಲೇಟಿನಲ್ಲಿ ದೃಢೀಕರಿಸಿದ ಅಧಿಕಾರ ಪತ್ರ (ಪವರ್ ಆಫ್ ಅಟಾರ್ನಿ) ಕಳಿಸಿದರೆ ಇಲ್ಲಿಯ ಕೆಲಸ ಸಾಗುತ್ತದೆ. ಹೆಣ್ಣುಮಕ್ಕಳ ಪಾಲಿನ ಮಾತು ಬಂದಾಗ ತಮ್ಮನ ಮುಖ ಸಪ್ಪಗಾಯಿತಂತೆ. ಹೆಣ್ಣುಮಕ್ಕಳಿಗೂ ಸಮಪಾಲು ಕೊಡುವ ಕಾನೂನು ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲೇ, ದೇಶಕ್ಕೆಲ್ಲ 2005ರಲ್ಲಿ ಬಂದರೂ, ವಿದ್ಯಾವಂತರ ಮನೆಗಳಲ್ಲೂ ಅದನ್ನು ಇನ್ನೂ ಜೀರ್ಣಿಸಿಕೊಂಡಿಲ್ಲ.

ಮೂವರನ್ನೂ ಸೇರಿಸಿ ಒಂದು ವೀಡಿಯೊ ಕರೆ ಮಾಡಿದೆವು. ಎರಡು ಷರತ್ತು ಹಾಕಿದೆ: ಸುದ್ದಿಯಲ್ಲಿ ಬಂದ ಯಾವ ವಿಷಯವನ್ನೂ ಎತ್ತುವ ಹಾಗಿಲ್ಲ, ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕುವ ಹಾಗಿಲ್ಲ. ತಮ್ಮ, ತನ್ನನ್ನು ಯಾರೂ ಕೇಳಲಿಲ್ಲ ಎಂದರು. ಪಿಯುಸಿ ಮುಗಿದ ದಿನವೇ ತೋಟ ನಿನ್ನದು ಎಂದರಂತೆ ಅಪ್ಪ, ಅದು ಕೊಟ್ಟದ್ದೋ ಕಟ್ಟಿಹಾಕಿದ್ದೋ ಇವತ್ತಿಗೂ ತಿಳಿದಿಲ್ಲವಂತೆ. ಅಕ್ಕನ ಮಾತು ನಾನು ನಿರೀಕ್ಷಿಸದ್ದು. "ನಂಗೂ ಯಾರೂ ಕೇಳ್ಲಿಲ್ಲ ಮಾರಾಯ. ತೋಟ ತಮ್ಮಂಗೆ, ನೀನು ಓದು ಅಂದ್ರು. ಓದಿದ್ಮೇಲೆ ಇಲ್ಲಿ ನಂಗೆ ಎಂತ ಇತ್ತು? ಬೆಂಗ್ಳೂರಾದ್ರೂ ಬಾಡಿಗೆ ಮನೆನೇ, ಇದೂ ಬಾಡಿಗೆ ಮನೆನೇ ಅಂತ ಬಂದೆ." ಅಲ್ಲಿಯ ವೀಸಾದ ಅಂಕ ಪದ್ಧತಿಯಲ್ಲಿ 25ರಿಂದ 32ರ ವಯಸ್ಸಿಗೇ ಅತಿ ಹೆಚ್ಚು ಅಂಕ, 30. ಆ ವಯಸ್ಸು ದಾಟುವುದರೊಳಗೆ ಹೋಗಬೇಕೆಂದು ಹೊರಟದ್ದು, ಊರಿನ ಮೇಲೆ ಬೇಸರಪಟ್ಟು ಅಲ್ಲ, ಎಂದರು.

ಆಗ ಅಮ್ಮ ನಡುವೆ ಬಾಯಿ ಹಾಕಿದರು. ಷರತ್ತು ಮುರಿದರೂ ನಾನು ತಡೆಯಲಿಲ್ಲ. ಲಿಂಗನಮಕ್ಕಿ ಅಣೆಕಟ್ಟಿನ ನೀರು ಏರಿದಾಗ ಶರಾವತಿ ಕಣಿವೆ ಬಿಟ್ಟು ಬಂದವರು ಅವರ ಗಂಡನ ಮನೆಯವರು. ತಾನು ಮದುವೆಯಾಗಿ ಬಂದ ಹೊಸತರಲ್ಲೂ ಈ ಊರಿನವರು ಮನೆಗೆ ಮುಳುಗಡೆಯೋರ ಮನೆ ಅಂತಲೇ ಹೇಳುತ್ತಿದ್ದರು, ನಿಮ್ಮ ಅಜ್ಜ ಸಾಯುವವರೆಗೂ ಹಾಗೇ, ಎಂದರು. ಮಕ್ಕಳಿಬ್ಬರಿಗೂ ಇದು ಗೊತ್ತಿರಲಿಲ್ಲವೆಂದೇನಲ್ಲ, ಅವತ್ತು ಕೇಳಿಸಿಕೊಂಡರು.

ನಾನು ಕೊಟ್ಟ ಸಲಹೆ ದೊಡ್ಡದೇನಲ್ಲ. ತಮ್ಮನಿಗೆ: ಅಕ್ಕನ ಮೇಲಿನ ಸಿಟ್ಟನ್ನು ಸುದ್ದಿಯ ಮೂಲಕ ಹೇಳಬೇಡಿ, ಖಾತೆಯ ಕಾಗದದ ಬಗ್ಗೆ ಸಹಿ ಬೇಕೆಂದು ನೇರವಾಗಿ ಕೇಳಿ. ತೋಟವನ್ನು ಒಂದೆರಡು ವರ್ಷ ಚೇಣಿಗೆ, ಅಂದರೆ ಫಸಲಿನ ಗುತ್ತಿಗೆಗೆ, ಕೊಟ್ಟು ಬೇರೆ ಕೆಲಸ ನೋಡಬೇಕೆನ್ನಿಸಿದರೆ ಅದು ಸೋಲಲ್ಲ, ಹಾಗಂತ ಹೋಗಲೇಬೇಕೆಂದೂ ಇಲ್ಲ. ಈಗಲಾದರೂ ನೀವೇ ನಿರ್ಧರಿಸಿ. ರಾತ್ರಿ ಒಂಬತ್ತರ ಮೇಲೆ ಮೊಬೈಲು ಅಡುಗೆಮನೆಯಲ್ಲಿರಲಿ. ಅಕ್ಕನಿಗೆ: ಹೆದರಿಕೆಯಾದಾಗ ಹೆದರಿಕೆಯಾಯಿತು ಎಂದಷ್ಟೇ ಹೇಳಿ, ಪಾಠ ಮಾಡಬೇಡಿ. ತಮ್ಮ ತಪ್ಪು ಮಾತಾಡಿದರೆ ನೋವಾಯಿತು ಎನ್ನಿ, ಪ್ರಪಂಚ ಗೊತ್ತಿಲ್ಲ ಎನ್ನಬೇಡಿ. ಅಮ್ಮನಿಗೆ: ಅವಳು ಅತ್ತಳು, ಅವನು ಬೈದ ಎಂದು ಇಲ್ಲಿಯದನ್ನು ಅಲ್ಲಿಗೆ, ಅಲ್ಲಿಯದನ್ನು ಇಲ್ಲಿಗೆ ದಾಟಿಸುವುದನ್ನು ನಿಲ್ಲಿಸಿ. ಮೂರರಲ್ಲಿ ಪಾಲಿಸಲು ಕಷ್ಟವಾದದ್ದು ಅಮ್ಮನಿಗೆ.

ಪೌತಿ ಖಾತೆಗೆ ಅರ್ಜಿ ಹೋಗಿದೆ. ನಿದ್ದೆ ಸುಧಾರಿಸಿದೆ. ವಲಸೆಯ ಬಗ್ಗೆ ಅವರ ಅಭಿಪ್ರಾಯ ಹಾಗೇ ಇದೆ, ಸ್ನೇಹಿತರ ಗುಂಪಿನಲ್ಲಿ ಈಗಲೂ ವಾದ ಮಾಡುತ್ತಾರೆ. ಅಕ್ಕನ ಪೌರತ್ವದ ಸಮಾರಂಭ ಹತ್ತಿರ ಬಂದಿದೆ, ಶುಭಾಶಯ ಹೇಳಲೇಬೇಕಾ ಎಂದು ಕಳೆದ ಸಲ ಕೇಳಿದರು. ಮನಸ್ಸು ಬಂದರೆ ಹೇಳಿ, ಬಾರದಿದ್ದರೆ ಬೇಡ, ಆದರೆ ಅವತ್ತೊಂದು ದಿನ ಫೋನು ಮಾಡಿ ಅಧಿಕಾರ ಪತ್ರ ಕಳಿಸಿದೆಯಾ ಎಂದು ಕೇಳಬೇಡಿ ಎಂದೆ.