ಮೂಕಿ ರಾಜಕುಮಾರನನ್ನು ಪರದೆಗೆ ತರುವ ಮುನ್ನ

ಊರಿನ ಗ್ರಂಥಾಲಯದ ಸಭಾಂಗಣದಲ್ಲಿ ರಾಜಮನೆತನದ ಕಥೆಯುಳ್ಳ ಮೂಕಿ ಪ್ರಣಯ ಹಾಸ್ಯಚಿತ್ರವೊಂದನ್ನು ತೋರಿಸಬೇಕೆಂದಿರುವ ತಾವು, ಯಾವುದನ್ನು ಆರಿಸಬೇಕು, ಅರ್ಧದಲ್ಲೇ ಜನ ಎದ್ದುಹೋಗದಂತೆ ಪ್ರದರ್ಶನವನ್ನು ಹೇಗೆ ನಡೆಸಬೇಕು ಎಂದು ಗುಂಪಿನಲ್ಲಿ ಕೇಳಿದ್ದೀರಿ. ನನ್ನ ಆಯ್ಕೆ, ಬರ್ಲಿನ್ನಿನಿಂದ ಹಾಲಿವುಡ್ಡಿಗೆ ಹೋದ ಅರ್ನ್ಸ್ಟ್ ಲೂಬಿಚ್ ಅವರು 1927ರಲ್ಲಿ ಎಂಜಿಎಂ ಸಂಸ್ಥೆಗಾಗಿ ನಿರ್ದೇಶಿಸಿದ ‘ದಿ ಸ್ಟೂಡೆಂಟ್ ಪ್ರಿನ್ಸ್ ಇನ್ ಓಲ್ಡ್ ಹೈಡೆಲ್‌ಬರ್ಗ್’. ಹುಡುಕುವಾಗ ವರ್ಷವನ್ನು ತಪ್ಪದೆ ನಮೂದಿಸಿ. ಇಲ್ಲವಾದರೆ 1954ರಲ್ಲಿ ಬಂದ, ಇದೇ ಕಥೆಯ ಹಾಡುಗಳುಳ್ಳ ವರ್ಣಚಿತ್ರ ಎದುರಾಗುತ್ತದೆ. ಅದು ಸಿಗ್ಮಂಡ್ ರೋಂಬರ್ಗ್ ಅವರ ಸಂಗೀತ ನಾಟಕವನ್ನು ಅನುಸರಿಸಿದ್ದು, ನಿಮಗೆ ಬೇಕಾದದ್ದಲ್ಲ.

ಕಥೆ ಸರಳವಾಗಿದೆ. ಜರ್ಮನ್ ನಾಟಕಕಾರ ವಿಲ್ಹೆಲ್ಮ್ ಮೇಯರ್-ಫೋರ್ಸ್ಟರ್ ಅವರ, 1901ರಲ್ಲಿ ರಂಗಕ್ಕೆ ಬಂದ ನಾಟಕವೇ ಇದಕ್ಕೆ ಮೂಲ. ಕಲ್ಪಿತ ರಾಜ್ಯವೊಂದರ ಅರಮನೆಯಲ್ಲಿ ಒಡನಾಡಿಗಳಿಲ್ಲದೆ ಬೆಳೆದ ಯುವರಾಜ ಕಾರ್ಲ್ ಹೈನ್ರಿಶ್, ತನ್ನ ಗುರು ಡಾಕ್ಟರ್ ಯುಟ್ನರ್ ಜೊತೆ ಓದಲೆಂದು ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯಕ್ಕೆ ಬಂದು, ತಂಗಿದ ಮನೆಯಲ್ಲಿ ವಿದ್ಯಾರ್ಥಿಗಳಿಗೆ ಬಿಯರ್ ಬಡಿಸುವ ಕ್ಯಾಥಿಯನ್ನು ಪ್ರೀತಿಸುತ್ತಾನೆ. ಯುವರಾಜನಾಗಿ ಮೆಕ್ಸಿಕೋದ ರಾಮೋನ್ ನೊವಾರೋ, ಕ್ಯಾಥಿಯಾಗಿ ಕೆನಡಾದ ನಾರ್ಮಾ ಶಿಯರರ್, ಗುರುವಾಗಿ ಡೆನ್ಮಾರ್ಕಿನ ಜೀನ್ ಹರ್ಶಾಲ್ಟ್ ನಟಿಸಿದ್ದಾರೆ. ಮೂವರೂ ಉಚ್ಚಾರಣೆಯ ತೊಡಕಿಲ್ಲದೆ ಜರ್ಮನರಾಗಿಬಿಟ್ಟಿದ್ದು ಮೂಕಿ ಚಿತ್ರದ ಕೃಪೆಯೇ ಸರಿ.

ಈ ಚಿತ್ರವನ್ನು ತೋರಿಸುವವರು ಮುಖ್ಯವಾಗಿ ಅರಿತಿರಬೇಕಾದುದು, ಇಲ್ಲಿ ನಗು ಬರುವುದು ಬೀಳುವುದರಿಂದಾಗಲಿ ಓಡುವುದರಿಂದಾಗಲಿ ಅಲ್ಲ, ಟೋಪಿಗಳಿಂದ, ಬಾಗಿಲುಗಳಿಂದ, ಬಾಗುವ ನಡುಗಳಿಂದ ಎಂಬುದನ್ನು. ಆರಂಭದಲ್ಲೇ ರಾಜನಿಗೆ ಗೌರವ ಸಲ್ಲಿಸಲು ಸಾಲಾಗಿ ನಿಂತ ಗಣ್ಯರೆಲ್ಲ ಒಂದೇ ಯಂತ್ರದ ಭಾಗಗಳಂತೆ ಏಕಕಾಲಕ್ಕೆ ಟೋಪಿ ಎತ್ತುತ್ತಾರೆ. ಅದೇ ವೈಭವದ ನಡುವೆ ರೈಲಿನಿಂದ ಇಳಿಯಬೇಕಾದ ಪುಟ್ಟ ಯುವರಾಜ ಹೆದರಿ ಕಂಗಾಲಾಗುತ್ತಾನೆ. ಆಗ ನಗುವ ಪ್ರೇಕ್ಷಕರು, ರಾಜನಾದ ಮೇಲೆ ಅವನು ಹೈಡೆಲ್‌ಬರ್ಗಿಗೆ ಮರಳಿದಾಗ ಹಳೆಯ ಗೆಳೆಯರು ಗೆಳೆಯರಂತೆ ಮೇಲೆ ಬೀಳದೆ ಪ್ರಜೆಗಳಂತೆ ಬಿಗಿದು ನಿಲ್ಲುವುದನ್ನು ಕಂಡು ನಗಲಾರರು. ಮೊದಲಿನದು ಕಣ್ಣಿಗೆ ಬೀಳದಿದ್ದರೆ ಕೊನೆಯದು ಮನಸ್ಸಿಗೆ ತಾಕುವುದಿಲ್ಲ. ಆದ್ದರಿಂದ ಮೊದಲ ಹದಿನೈದು ನಿಮಿಷ ತಡವಾಗಿ ಬಂದವರನ್ನು ಕೂರಿಸುವ ಗದ್ದಲ ಬೇಡ. ಸ್ವಾಗತ ಭಾಷಣವನ್ನು ಸಾಧ್ಯವಾದಷ್ಟು ಮೊಟಕುಗೊಳಿಸಿ, ಎಲ್ಲರೂ ಕೂತ ಮೇಲೆಯೇ ಚಿತ್ರವನ್ನು ಆರಂಭಿಸಿ. ‘ಹಾಸ್ಯಚಿತ್ರ’ ಎಂದು ಕರಪತ್ರದಲ್ಲಿ ಹಾಕುವುದು ತಪ್ಪಲ್ಲ, ಆದರೆ ಮುಕ್ತಾಯದ ಸುಳಿವನ್ನು ಎಲ್ಲಿಯೂ ಕೊಡಬೇಡಿ.

ರಾತ್ರಿಯ ಹೊತ್ತು ಪ್ರೇಮಿಗಳು ಹೂವು ತುಂಬಿದ ಬಯಲಿನಲ್ಲಿ ಕುಳಿತಿರುವಾಗ ಗಾಳಿ ಹೂಗಳ ಮೇಲೆ ಹಾದುಹೋಗುವ ದೃಶ್ಯವಂತೂ ಬಿಳಿ ಹೂಗಳ ಅಲೆ ಸ್ಪಷ್ಟವಾಗಿ ಕಂಡರಷ್ಟೇ ದೃಶ್ಯ, ಇಲ್ಲದಿದ್ದರೆ ಬೂದುಬಣ್ಣದ ಮಸುಕು. ಪ್ರದರ್ಶನದ ಹಿಂದಿನ ದಿನ ಅದೇ ಪ್ರೊಜೆಕ್ಟರ್, ಅದೇ ಪರದೆಯ ಮೇಲೆ ಈ ಭಾಗವನ್ನು ಹಾಕಿ ನೋಡಿ. ಕಿಟಕಿಯಿಂದ ಬರುವ ಬೆಳಕು ಅದನ್ನು ನುಂಗುವಂತಿದ್ದರೆ ಕಪ್ಪು ಬಟ್ಟೆ ಕಟ್ಟಿಸಿ, ಇಲ್ಲವೇ ಸೂರ್ಯಾಸ್ತದ ನಂತರದ ವೇಳೆಯನ್ನು ಇಟ್ಟುಕೊಳ್ಳಿ. ಚೌಕಟ್ಟಿನ ಅಗಲ ಮತ್ತು ಎತ್ತರ 4:3ರ ಪ್ರಮಾಣದಲ್ಲಿಯೇ ಇರಲಿ. ಒಮ್ಮೆ ನಾವೇ ನಡೆಸಿದ ಪ್ರದರ್ಶನದಲ್ಲಿ ಪರದೆ ತುಂಬಲಿ ಎಂದು ಯಾರೋ ಚಿತ್ರವನ್ನು ಅಗಲಕ್ಕೆ ಎಳೆದುಬಿಟ್ಟಿದ್ದರಿಂದ ನಾಯಕಿಯ ಮುಖ ಕುಂಬಳಕಾಯಿಯಂತೆ ಕಂಡು, ಜನ ನಗಬಾರದ ಕಡೆಯಲ್ಲೆಲ್ಲ ನಕ್ಕರು.

ಸಂಗೀತದ ವಿಷಯದಲ್ಲಿ ಎರಡು ದಾರಿಗಳಿವೆ. 1980ರ ದಶಕದಲ್ಲಿ ಕಾರ್ಲ್ ಡೇವಿಸ್ ಅವರು ಈ ಚಿತ್ರಕ್ಕೆ ವಾದ್ಯವೃಂದದ ಸಂಗೀತವನ್ನು ರಚಿಸಿದ್ದಾರೆ. ಅದು ಜೊತೆಗಿರುವ ಪ್ರತಿ ಸಿಕ್ಕರೆ ಬೇರೆ ಯೋಚನೆ ಬೇಡ. ಆದರೆ ಚಿತ್ರದ ಹಕ್ಕು ಬೇರೆ, ಸಂಗೀತದ ಹಕ್ಕು ಬೇರೆ ಎಂಬುದು ನೆನಪಿನಲ್ಲಿರಲಿ. ನಮ್ಮ ಕಾನೂನಿನಲ್ಲಿ ಚಲನಚಿತ್ರದ ಹಕ್ಕಿನ ಅವಧಿ 60 ವರ್ಷ. ಅಮೆರಿಕದಲ್ಲಿಯೂ 1927ರ ಚಿತ್ರಗಳು 2023ರ ಜನವರಿ 1ರಂದು ಸಾರ್ವಜನಿಕ ಸ್ವತ್ತಾದವು. ಈಚೆಗೆ ರಚಿಸಿದ ಸಂಗೀತಕ್ಕೆ ಇದು ಅನ್ವಯಿಸದ ಕಾರಣ, ಅದಕ್ಕೆ ಮೊದಲೇ ಅನುಮತಿ ಕೇಳುವುದು ಕ್ಷೇಮ. ಎರಡನೆಯ ದಾರಿ, ಊರಿನ ಒಬ್ಬ ಪಿಟೀಲು ವಾದಕರನ್ನೋ ಕೀಬೋರ್ಡ್ ನುಡಿಸುವವರನ್ನೋ ಕೂರಿಸುವುದು. ಹಾಗೆ ಮಾಡುವುದಾದರೆ ಅವರು ಚಿತ್ರವನ್ನು ಮುಂಚಿತವಾಗಿ ಎರಡು ಸಲವಾದರೂ ನೋಡಿರಲಿ, ಟೋಪಿ ಎತ್ತಿದಾಗಲೆಲ್ಲ ಒಂದು ಸ್ವರ ಹೊಡೆಯುವ ಉತ್ಸಾಹವನ್ನು ಬಿಡಲಿ. ಚಿತ್ರದ ಅವಧಿ ಸುಮಾರು 105 ನಿಮಿಷವಾದ್ದರಿಂದ, ಒಬ್ಬರೇ ನುಡಿಸುವುದಾದರೆ ಯುವರಾಜನಿಗೆ ಅರಮನೆಯಿಂದ ಕರೆ ಬರುವ ಘಟ್ಟದಲ್ಲಿ ಕೆಲವು ಕ್ಷಣ ಮೌನವಿದ್ದರೂ ನಷ್ಟವಿಲ್ಲ. ಕಲಾವಿದರ ಕೈಗೂ ವಿಶ್ರಾಂತಿ ಸಿಗುತ್ತದೆ.

ನಡುನಡುವೆ ಬರುವ ಬರಹದ ಫಲಕಗಳು ಇಂಗ್ಲಿಷಿನಲ್ಲಿವೆ. ಮೂಕಿ ಕಾಲದಲ್ಲಿ ಪರದೆಯ ಪಕ್ಕದಲ್ಲಿ ನಿಂತು ಫಲಕಗಳನ್ನು ಜನರ ಭಾಷೆಯಲ್ಲಿ ಓದಿ ಹೇಳುವವರಿದ್ದರು, ತಾವೂ ಹಾಗೆಯೇ ಮಾಡಬಹುದು. ಅಭ್ಯಾಸವಿರುವ ಒಬ್ಬರು ಕನ್ನಡದ ಮಾತನ್ನು ಮೊದಲೇ ಬರೆದಿಟ್ಟುಕೊಂಡು, ಫಲಕ ಪರದೆಯಿಂದ ಮರೆಯಾಗುವ ಮುನ್ನ ಓದಿ ಮುಗಿಸಬೇಕು. ದೃಶ್ಯ ನಡೆಯುತ್ತಿರುವಾಗ ವಿವರಣೆ ಕೊಡಕೂಡದು. ಕೊನೆಯಲ್ಲಿ ಮೆರವಣಿಗೆಯನ್ನು ನೋಡುವವರು, ರಾಜನಾಗಿರುವುದು ಎಂಥ ಭಾಗ್ಯ ಎಂಬರ್ಥದ ಮಾತನ್ನಾಡುತ್ತಾರೆ. ಅದನ್ನು ಓದುವಾಗ ದುಃಖವನ್ನಾಗಲಿ ವ್ಯಂಗ್ಯವನ್ನಾಗಲಿ ಧ್ವನಿಗೆ ತರದೆ, ದಾರಿಬದಿಯ ಜನ ಎಷ್ಟು ಮನಃಪೂರ್ವಕವಾಗಿ ಅಂದರೋ ಅಷ್ಟೇ ಮನಃಪೂರ್ವಕವಾಗಿ ಓದಬೇಕೆಂದು ಅವರಿಗೆ ತಿಳಿಸಿ, ಪರದೆ ಪೂರ್ತಿ ಕತ್ತಲಾಗುವವರೆಗೆ ಸಭಾಂಗಣದ ದೀಪಗಳನ್ನು ಹಾಕಿಸಬೇಡಿ.