ಸೀತಾ ನದಿಯಲ್ಲಿ ಕಯಾಕ್‌ನಿಂದ ಗಾಳ ಹಾಕಲು ಯಾವ ಹೊತ್ತು ಸರಿ?

ಗಡಿಯಾರಕ್ಕಿಂತ ಭರತ-ಇಳಿತ ನೋಡಿ. ಉಡುಪಿ ಜಿಲ್ಲೆಯ ಸಾಲಿಗ್ರಾಮದ ಪಾರಂಪಳ್ಳಿ ಕಡೆ ನೀರು ಉಪ್ಪು-ಸಿಹಿ ಬೆರೆತದ್ದು. ಕಡಲು ಏರಿದರೆ ಹೊಳೆಯೂ ಏರುತ್ತದೆ. ಏರಲು ಸುಮಾರು 6 ಗಂಟೆ, ಇಳಿಯಲೂ ಹೆಚ್ಚುಕಮ್ಮಿ ಅಷ್ಟೇ. ಭರತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ.

ಭರತದ ಕೊನೆಯ ಎರಡು ಗಂಟೆ ನನಗೆ ಬಹಳ ಇಷ್ಟ. ಹುಟ್ಟು ಹೆಚ್ಚು ಹಾಕದೆಯೇ ಕಯಾಕ್ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ತೇಲುತ್ತಾ ಒಳಗೆ ಹೋಗುತ್ತದೆ, ಇಳಿತ ಶುರುವಾದಾಗ ನೀರೇ ವಾಪಸ್ ತರುತ್ತದೆ. ಬೇರುಗಳ ಬುಡದಲ್ಲಿ ಸಿಗಡಿ ಚಟ್ಟನೆ ಚಿಮ್ಮಿದರೆ ಅಲ್ಲೇ ಗಾಳ ಬಿಡಿ. ಕೆಂಬೇರಿ ಮೀನು ಹೊಂಚು ಹಾಕುವ ಜಾಗ ಅದು.

ಇಳಿತದ ಕೊನೆಯವರೆಗೆ ಮಾತ್ರ ಒಳಗೆ ಉಳಿಯಬೇಡಿ. ಕಯಾಕ್ ಕೆಸರಲ್ಲಿ ಕೂರುತ್ತದೆ, ಇಳಿದರೆ ಚಿಪ್ಪು ಕಾಲು ಸೀಳುತ್ತದೆ. ಮಳೆಗಾಲದಲ್ಲಿ ಬೇಡವೇ ಬೇಡ. ಈಜು ಬಂದರೂ ಲೈಫ್ ಜಾಕೆಟ್ ಹಾಕಿ.